ಶಾಣ್ಯಾಕಿ ಎಂಬ ಒಂದು ಮಾತು

ನಮ್ಮ ಮನೆಯಲ್ಲಿ ನಾಲ್ಕು ಜನ ಹೆಂಗಸರಿದ್ದೆವು. ಅದರಲ್ಲಿ ತಿಂಗಳ ಮೂವತ್ತೂ ದಿನ ಉಪ್ಪಿನಕಾಯಿ ಭರಣಿ ಮುಟ್ಟಬಹುದಾದವರು ಇಬ್ಬರೇ. ಒಬ್ಬಳು ಆಯಿ, ಎಂದರೆ ಅಪ್ಪನ ತಾಯಿ, ಅವಳಿಗೆ ಎಪ್ಪತ್ತು ದಾಟಿತ್ತು. ಇನ್ನೊಬ್ಬಳು ನಾನು, ನನಗೆ ಹದಿನೇಳು. ಆಯಿಯದು ಮುಗಿದುಹೋಗಿತ್ತು, ನನ್ನದು ಶುರುವೇ ಆಗಿರಲಿಲ್ಲ. ಹೀಗಾಗಿ ಕೊಲ್ಹಾಪುರದ ಕಡೆಯ ಗಡಹಿಂಗ್ಲಜದ ಆ ಮನೆಯಲ್ಲಿ ದೇವರ ನೀರು ತುಂಬುವುದು, ಶಾವಿಗೆ ಹೊಸೆಯುವುದು, ಹಪ್ಪಳ ಲಟ್ಟಿಸುವುದು, ಭರಣಿಯ ಬಾಯಿಗೆ ಬಟ್ಟೆ ಕಟ್ಟುವುದು ಎಲ್ಲ ನನ್ನ ಪಾಲಿಗೆ. ಅವ್ವ ಮತ್ತು ನನಗಿಂತ ಮೂರು ವರ್ಷಕ್ಕೆ ಚಿಕ್ಕವಳಾದ ತಂಗಿ ಗಂಗೂ ಸರದಿಯ ಮೇಲೆ ಹಿತ್ತಲ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಮೂರು ದಿನ ಕೂತು ಏಳುತ್ತಿದ್ದರು. ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ ಎಂದು ಮಠದ ಅಯ್ಯನವರು ಮನೆಗೆ ಬಂದಾಗಲೆಲ್ಲ ಹೇಳುತ್ತಿದ್ದರು. ಆಯಿ ಅವರ ಪಾದಕ್ಕೆ ಹಣೆ ಹಚ್ಚಿ ಹೌದ್ರಿ ಹೌದ್ರಿ ಎನ್ನುತ್ತಿದ್ದಳು, ಅವರು ಹೊಸ್ತಿಲು ದಾಟಿದ ಮೇಲೆ ಗಂಗೂನನ್ನು ಮತ್ತೆ ಚಾಪೆಗೆ ಅಟ್ಟುತ್ತಿದ್ದಳು. ನನಗೆ ಆ ಚಾಪೆಯ ಮೇಲೆ ಎಷ್ಟು ಆಸೆಯಿತ್ತೆಂದರೆ, ಮನೆಯಲ್ಲಿ ಯಾರೂ ಇಲ್ಲದಾಗ ಒಮ್ಮೆ ಹೋಗಿ ಸುಮ್ಮನೆ ಅದರ ಮೇಲೆ ಕೂತು ಎದ್ದು ಬಂದಿದ್ದೆ.

ಮನೆಯ ಮುಂಭಾಗ ಅಪ್ಪನ ಮೆಣಸಿನಕಾಯಿ ಅಂಗಡಿ. ನಡುವೆ ಪಡಸಾಲೆ, ಅದರಾಚೆ ಅಡಿಗೆಮನೆ, ಕೊನೆಗೆ ಹಿತ್ತಲು. ಮೆಣಸಿನಕಾಯಿಯ ಘಾಟು ಎಲ್ಲ ಕೋಣೆಗಳಲ್ಲೂ ಇರುತ್ತಿತ್ತು, ಹಾಸಿಗೆಯಲ್ಲೂ. ಹೊಸಬರು ಬಂದರೆ ಒಳಗೆ ಕಾಲಿಟ್ಟೊಡನೆ ಸೀನುತ್ತಿದ್ದರು, ನಾವು ಸೀನುತ್ತಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತು ತೊಟ್ಟು ಬಿಡಿಸಬೇಕು. ಬೆರಳ ತುದಿ ಉರಿಯುತ್ತಿತ್ತು. ಆ ಹೊತ್ತಿಗೆ ಓಣಿಯ ಹೆಂಗಸರೂ ಬಂದು ಕೂಡುತ್ತಿದ್ದರು, ಬಂದವರ ಕಣ್ಣು ಮೊದಲು ನನ್ನ ಮೇಲೆ, ಆಮೇಲೆ ಗಂಗೂ ಮೇಲೆ. ಗಂಗೂ ಹದಿಮೂರಕ್ಕೇ ದೊಡ್ಡವಳಾಗಿ, ಹದಿನಾಲ್ಕಕ್ಕೆ ನನಗಿಂತ ಒಂದು ಗೇಣು ಎತ್ತರ ಬೆಳೆದಿದ್ದಳು. ನಾನು ಕಡ್ಡಿ. ಹನ್ನೆರಡಕ್ಕೆ ಹೇಗಿದ್ದೆನೋ ಹದಿನೇಳಕ್ಕೂ ಹಾಗೆಯೇ ಇದ್ದೆ. ಎಲ್ಲ ಮನೆಗಳಲ್ಲಿ ಅಕ್ಕನಿಗೆ ಸಣ್ಣದಾದ ಬಟ್ಟೆ ತಂಗಿಗೆ ಬರುತ್ತದೆ, ನಮ್ಮ ಮನೆಯಲ್ಲಿ ಗಂಗೂಗೆ ಸಣ್ಣದಾದ ಪರಕಾರ ಪೋಲಕಗಳು, ಎಂದರೆ ಲಂಗ ರವಿಕೆಗಳು, ನನಗೆ ಬರುತ್ತಿದ್ದವು. ಹೊಸದಾಗಿ ಬಂದವರು ಗಂಗೂನನ್ನೇ ಅಕ್ಕ ಎಂದುಕೊಳ್ಳುತ್ತಿದ್ದರು. ಅವ್ವ ತಿದ್ದುತ್ತಿರಲಿಲ್ಲ.

ಗಂಗೂ ದೊಡ್ಡವಳಾದ ದಿನ ಆಯಿ ಒಂದು ಕಟ್ಟಳೆ ಮಾಡಿದಳು.

"ದೊಡ್ಡಾಕಿದು ಆಗೂತನಾ ಸಣ್ಣಾಕಿದು ಹೊರಗ ಬೀಳಬಾರದು. ಮದಲ ಮಾದೀಗೆ ಆರತಿ, ಆಮ್ಯಾಲ ಗಂಗೂಗ. ಅಲ್ಲೀತನಾ ಎಲ್ಲಾರೂ ಬಾಯಿ ಮುಚಗೊಂಡ ಇರ್ರಿ."

ಮಾದಿ ಎಂದರೆ ನಾನು, ಮಹಾದೇವಿ. ಆಯಿ ಎರಡು ಹಸಿರು ಸೀರೆ ತರಿಸಿ ತನ್ನ ಟ್ರಂಕಿನಲ್ಲಿ ಇಟ್ಟಳು. ಐದು ಜನ ಮುತ್ತೈದೆಯರು, ರಂಗೋಲಿ ಹಾಕಿದ ಮಣೆ, ಉಡಿ ತುಂಬಲು ಕೊಬ್ಬರಿ ಬಟ್ಟಲು, ಹಾಡು, ಓಣಿಗೆಲ್ಲ ಸಕ್ಕರೆ, ಇದೆಲ್ಲ ನನಗಾಗಿ ಕಾಯುತ್ತಿತ್ತು. ಪಾಪ, ಗಂಗೂಗೂ ಕಾಯುತ್ತಿತ್ತು. ಅವಳ ಸರೀಕರಿಗೆಲ್ಲ ಆರತಿಯಾಗಿ, ಹಸಿರು ಬಳೆ ತೊಟ್ಟು ಶಾಳೆಗೆ ಬರುತ್ತಿದ್ದರೆ ಇವಳು ಕದ್ದ ಮಾಲು ಬಚ್ಚಿಟ್ಟುಕೊಂಡವಳ ಹಾಗೆ ತಿರುಗುತ್ತಿದ್ದಳು. ಜಗಳವಾದಾಗ ಅದನ್ನೇ ತೆಗೆಯುತ್ತಿದ್ದಳು.

"ನಿನ್ನ ಸಲುವಾಗಿ ನನಗೂ ಇಲ್ಲ. ನೀ ಯಾವಾಗ ದೊಡ್ಡಾಕಿ ಆಗಾಕಿ? ಮುದುಕಿ ಆದ ಮ್ಯಾಲೇನ?"

ಅವಳ ಕೂದಲು ಹಿಡಿದು ಎಳೆದಿದ್ದೇನೆ, ಅವಳೂ ಎಳೆದಿದ್ದಾಳೆ. ನನ್ನ ಮೈಯೇ ನನ್ನ ಮಾತು ಕೇಳದಿದ್ದರೆ ನಾನು ಯಾರನ್ನು ಬೈಯಲಿ.

ಮೈಗೆ ಮಾತು ಕೇಳಿಸಲು ಆಯಿ ಪಟ್ಟ ಪಾಡು ಒಂದೆರಡಲ್ಲ. ಬೆಳಿಗ್ಗೆ ಹಲ್ಲುಜ್ಜಿದೊಡನೆ ಎಳ್ಳುಂಡೆ, ಆಮೇಲೆ ಮೆಂತ್ಯದ ಉಂಡೆ, ಮಧ್ಯಾಹ್ನ ಪಪ್ಪಾಯಿ, ಸಂಜೆ ಶುಂಠಿ ಹಾಕಿ ಕುದಿಸಿದ ಬೆಲ್ಲದ ನೀರು. ಎಲ್ಲ ಉಷ್ಣ. ಮೆಣಸಿನಕಾಯಿ ಮನೆಯಲ್ಲಿ ಹುಟ್ಟಿದವಳಿಗೆ ಇನ್ನೂ ಉಷ್ಣ ಕೊಡುತ್ತಿದ್ದರು. ನನಗೆ ಬಾಯಿ ಹುಣ್ಣಾಯಿತು, ಮೂಗಿನಿಂದ ರಕ್ತ ಬಂತು. ಮೂಗಿನಿಂದ ಬಂದದ್ದನ್ನು ನೋಡಿ ಆಯಿ, ದಾರಿ ತಪ್ಪಿ ಬಂದದ ನೋಡ ಇದು, ಎಂದಳು. ಓಣಿಯ ಹೆಂಗಸರು ನಕ್ಕರು. ನಾನೂ ನಕ್ಕೆ. ನಗದಿದ್ದರೆ ಇನ್ನೂ ನಗುತ್ತಿದ್ದರು. ಆ ನಗೆಗಾಗಿ ನನ್ನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಕೊನೆಗೆ ಅಪ್ಪ ಕೊಲ್ಹಾಪುರದ ಹೆಣ್ಣು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವ್ವನೂ ಬಂದಳು. ಎಸ್.ಟಿ. ಬಸ್ಸಿನಲ್ಲಿ ಕಂಡಕ್ಟರ ನನ್ನ ಮುಖ ನೋಡಿ, ಅಪ್ಪನನ್ನು ಏನೂ ಕೇಳದೆ ಎರಡು ಫುಲ್ಲು ಒಂದು ಹಾಫ್ ಹರಿದು ಕೊಟ್ಟ. ಹಾಫ್ ಟಿಕೇಟು ಹನ್ನೆರಡರೊಳಗಿನ ಮಕ್ಕಳಿಗೆ. ನಾನು ಮ್ಯಾಟ್ರಿಕ್ ಪಾಸಾಗಿ ಒಂದು ವರ್ಷವಾಗಿತ್ತು. ಅಪ್ಪ ತಿದ್ದುತ್ತಾನೆ ಎಂದು ಅವನ ಮುಖ ನೋಡಿದೆ. ಅವನು ಟಿಕೇಟು ಮಡಚಿ ಟೊಪ್ಪಿಗೆಯ ಅಂಚಿಗೆ ಸಿಕ್ಕಿಸಿಕೊಂಡು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡತೊಡಗಿದ. ಅಪ್ಪ ಜಿಪುಣನಲ್ಲ, ಜಗಳಕ್ಕೆ ಅಂಜುವವನು. ಮಗಳಿಗೆ ಹದಿನೇಳು ಎಂದು ತುಂಬಿದ ಬಸ್ಸಿನಲ್ಲಿ ಹೇಳಿದರೆ ಎಲ್ಲರೂ ತಿರುಗಿ ನೋಡುತ್ತಾರೆ, ಅದು ಅವನಿಗೆ ಬೇಡವಾಗಿತ್ತು. ಕೊಲ್ಹಾಪುರದವರೆಗೆ ನಾನು ಮಕ್ಕಳಂತೆ ಅವ್ವನ ಭುಜಕ್ಕೆ ಒರಗಿ ಕಣ್ಣು ಮುಚ್ಚಿಕೊಂಡು ಕೂತೆ.

ಡಾಕ್ಟರು ವಯಸ್ಸಾದ ಮರಾಠಿ ಹೆಂಗಸು. ರೆಪ್ಪೆ ಎಳೆದು ನೋಡಿದರು, ತೂಕ ನೋಡಿದರು, ರಕ್ತ ತೆಗೆಸಿದರು. ಅವ್ವನನ್ನು ಕೇಳಿದರು, ನಿಮಗೆ ಯಾವಾಗ ಬಂತು ಎಂದು. ಅವ್ವ ತಲೆ ತಗ್ಗಿಸಿ, ಹದಿನಾರು ತುಂಬಿತ್ತು, ಎಂದಳು. ನಾನು ಅದನ್ನು ಮೊದಲ ಸಲ ಕೇಳಿದ್ದು ಅಲ್ಲಿ. ಮನೆಯಲ್ಲಿ ಅಷ್ಟು ವರ್ಷ ನಾನು ಅಳುವುದನ್ನು ನೋಡುತ್ತ ಕೂತಿದ್ದವಳು, ನನಗೂ ತಡವಾಗಿತ್ತು ಮಗಳೇ ಎಂದು ಒಂದು ಮಾತು ಹೇಳಿರಲಿಲ್ಲ. ಡಾಕ್ಟರು ನನ್ನ ಕಡೆ ತಿರುಗಿ, ನನಗೆ ತಿಳಿಯುವ ಹಾಗೆ ಸಾವಕಾಶ ಹೇಳಿದರು: ಕೆಲವರಿಗೆ ತಡವಾಗುತ್ತದೆ, ಇದು ನಿನ್ನ ತಾಯಿಯ ಕಡೆಯಿಂದ ಬಂದದ್ದಿರಬಹುದು, ಮೈಯಲ್ಲಿ ರಕ್ತ ಕಡಿಮೆ ಇದೆ, ಹೊಟ್ಟೆ ತುಂಬ ಉಣ್ಣು, ಮೈ ಬದಲಾಗುವ ಗುರುತು ಶುರುವಾಗಿದೆ, ಒಂದು ವರ್ಷ ನೋಡೋಣ, ಆಮೇಲೂ ಬಾರದಿದ್ದರೆ ಮತ್ತೆ ಬಾ. ಆ ಎಳ್ಳು ಮೆಂತ್ಯವನ್ನೆಲ್ಲ ನಿಲ್ಲಿಸಲು ಹೇಳಿದರು. ನನಗೆ ಅವರ ಕಾಲು ಹಿಡಿಯಬೇಕೆನ್ನಿಸಿತು. ಮನೆಗೆ ಬಂದ ಮೇಲೆ ಆಯಿ ಕೇಳಿದರೆ ಅವ್ವ ಅಂದದ್ದು ಇಷ್ಟೇ.

"ಏನೂ ಇಲ್ಲಂತ್ರಿ. ಟಾನಿಕ್ ಕೊಟ್ಟಾರ."

ಆ ಒಂದು ವರ್ಷ ಮುಗಿಯುವ ಮೊದಲೇ ಇಚಲಕರಂಜಿಯಿಂದ ನೋಡಲು ಬಂದರು. ನಮ್ಮವರೇ, ಆದರೆ ಮೂರು ತಲೆಮಾರಿನಿಂದ ಅಲ್ಲಿ ಮಗ್ಗದ ಕಾರಖಾನೆ ನಡೆಸುತ್ತಿದ್ದವರು. ಹುಡುಗನ ತಾಯಿಗೆ ಕನ್ನಡ ಬರುತ್ತಿತ್ತು, ಊಟ ಉಪಚಾರದ ಮಾತೆಲ್ಲ ಕನ್ನಡದಲ್ಲೇ, ಆದರೆ ಮಾತು ಸೂಕ್ಷ್ಮವಾದರೆ ಸಟಕ್ಕನೆ ಮರಾಠಿಗೆ ಹೊರಳುತ್ತಿದ್ದಳು. ನನಗಾಗ ಹದಿನೆಂಟಾಗಿತ್ತು, ಒಂದಿಷ್ಟು ಎತ್ತರವೂ ಆಗಿದ್ದೆ. ಅವ್ವ ನನಗೆ ಒಳಗೆ ಮೂರು ಪರಕಾರ ಉಡಿಸಿ, ಮೇಲೆ ತನ್ನ ದಪ್ಪ ಇಳಕಲ್ ಸೀರೆ ಸುತ್ತಿದ್ದಳು. ನಡೆದರೆ ಸಪ್ಪಳವಾಗುತ್ತಿತ್ತು. ಅವಲಕ್ಕಿಯ ತಟ್ಟೆ ಹಿಡಿದು ಪಡಸಾಲೆಗೆ ಹೋದಾಗ ಬಂದವರೆಲ್ಲ ಮೆಣಸಿನಕಾಯಿ ಘಾಟಿಗೆ ಸೀನುತ್ತಿದ್ದರು. ಹುಡುಗನೂ ಸೀನುತ್ತ ಮೂಗು ಒರೆಸಿಕೊಳ್ಳುತ್ತ ನನ್ನ ಕಡೆ ನೋಡಿ ನಾಚಿ ನಕ್ಕ. ಮರೆಮಾಚುವುದೇನು, ನನಗೆ ಅವನು ಹಿಡಿಸಿದ. ಅದಕ್ಕಿಂತ ಹೆಚ್ಚಾಗಿ, ಒಬ್ಬರು ನನ್ನನ್ನು ದೊಡ್ಡ ಹುಡುಗಿ ಎಂದು ನೆಟ್ಟಗೆ ಕೂತು ಮಾತಾಡಿಸಿದ್ದು ಹಿಡಿಸಿತು. ಅವನ ತಾಯಿ ಅವ್ವನ ಪಕ್ಕಕ್ಕೆ ಸರಿದು ಸಣ್ಣ ದನಿಯಲ್ಲಿ ಕೇಳಿದಳು.

"ಮುಲಗೀ ಶಹಾಣೀ ಝಾಲೀ ಆಹೇ ನಾ?"

ಮರಾಠಿಯಲ್ಲಿ ಶಹಾಣೀ ಎಂದರೆ ಜಾಣೆ ಹೌದು. ಆದರೆ ಹೆಂಗಸರು ತಮ್ಮತಮ್ಮಲ್ಲಿ ಹುಡುಗಿ ಶಹಾಣೀ ಝಾಲೀ ಎಂದರೆ ಅದಕ್ಕೆ ಒಂದೇ ಅರ್ಥ, ಮೈನೆರೆದಳು ಎಂದು. ಅದೇ ಮಾತು ನಮ್ಮ ಕನ್ನಡಕ್ಕೆ ಬಂದು ಶಾಣ್ಯಾಕಿ ಆಗಿದೆ. ನಮ್ಮಲ್ಲಿ ಶಾಣ್ಯಾಕಿ ಎಂದರೆ ಬರೀ ಜಾಣೆ. ನಾನು ಮರಾಠಿ ಶಾಳೆಯಲ್ಲಿ ಕಲಿತವಳು, ನನಗೆ ಎರಡೂ ಗೊತ್ತಿತ್ತು. ಅವ್ವ ನೂಲ ಎಂಬ ಊರಿನವಳು, ಕನ್ನಡದ ಮನೆಯಿಂದ ಬಂದವಳು. ಅವಳು ಮುಖ ಅರಳಿಸಿ ಹೇಳಿದಳು.

"ಹೌದ್ರಿ, ಭಾಳ ಶಾಣ್ಯಾಕಿ ಅದಾಳ್ರಿ. ಮ್ಯಾಟ್ರಿಕ್‌ದಾಗ ಶಾಳಿಗೇ ಪಹಿಲಾ ಬಂದಾಳ. ಲೆಕ್ಕದಾಗಂತೂ ಕೇಳಬ್ಯಾಡ್ರಿ."

ಹುಡುಗನ ತಾಯಿ ನಕ್ಕಳು. ತಾನು ಕೇಳಿದ್ದಕ್ಕೆ ಹೌದು ಎಂದೂ, ಮೇಲೆ ಮಗಳ ಹೊಗಳಿಕೆಯನ್ನೂ ಕೇಳಿ ಅವಳಿಗೆ ಸಮಾಧಾನವಾಗಿತ್ತು. ನಾನು ತಟ್ಟೆ ಹಿಡಿದುಕೊಂಡು ನಿಂತೇ ಇದ್ದೆ. ಅವ್ವನಿಗೆ ಮಾತು ತಿಳಿಯಲಿಲ್ಲ, ಪಾಪ, ಎಂದುಕೊಂಡೆ. ಆ ದಿನ ನಾನು ಬಾಯಿ ಬಿಡಲಿಲ್ಲ. ತಪ್ಪು ತಿಳಿದದ್ದು ಅವ್ವ, ಅದನ್ನು ಎಲ್ಲರ ಮುಂದೆ ತಿದ್ದಿ ಅವಳ ಮಾನ ಯಾಕೆ ಕಳೆಯಲಿ ಎಂಬುದು ಅರ್ಧ ಕಾರಣ. ಇನ್ನರ್ಧ, ನನಗೂ ಆ ಮನೆಗೆ ಹೋಗಬೇಕಿತ್ತು. ಅವರು ಹೋದ ಮೇಲೆ ಅಡಿಗೆಮನೆಯಲ್ಲಿ ಅವ್ವನಿಗೆ ಅರ್ಥ ಬಿಡಿಸಿ ಹೇಳಿದೆ. ಡಾಕ್ಟರು ಕಾಯಲು ಹೇಳಿದ್ದಾರೆ, ಲಗ್ನಕ್ಕೆ ಒಂದು ವರ್ಷ ತಡೆಯಲು ಅವರನ್ನು ಕೇಳು, ಎಂದು ಬೇಡಿಕೊಂಡೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಲಗ್ನಾ ಆದ ಮ್ಯಾಲ ತಾನ ಆಗ್ತದ. ನೀ ಸುಮ್ಮನಿರು."

"ಆಗಲಿಲ್ಲಂದ್ರ?"

"ನಿನಗಷ್ಟ ಹೊಸಾ ಮೈ ಕೊಟ್ಟಾನೇನ ದೇವರು? ಎಲ್ಲಾರಿಗೂ ಆಗ್ತದ."

ಸಾಖರಪುಡಾ, ಎಂದರೆ ನಿಶ್ಚಿತಾರ್ಥ, ಆಯಿತು. ನನ್ನ ಉಡಿಗೆ ತೆಂಗಿನಕಾಯಿ ಬಿತ್ತು, ಒಂದು ಗುಲಾಬಿ ಸೀರೆ ಬಂತು. ಗಂಗೂ ನನ್ನ ಜೊತೆ ಒಂದು ತಿಂಗಳು ಜಗಳವಾಡಲಿಲ್ಲ. ನಾನು ದಿನಾ ಬೆಳಿಗ್ಗೆ ಎದ್ದು ಇವತ್ತಾದರೂ ಎಂದು ಕಾಯುತ್ತಿದ್ದೆ. ಲಗ್ನವಾದ ಮೇಲೆ ಇಚಲಕರಂಜಿಯ ಮನೆಯಲ್ಲಿ ಮೊದಲ ತಿಂಗಳು ಹೊರಗಾಗದೆ ಕಳೆದರೆ ಖುಷಿಪಡುತ್ತಾರೆ, ಬಸುರಿ ಎಂದುಕೊಳ್ಳುತ್ತಾರೆ. ಎರಡನೆಯ ತಿಂಗಳು, ಮೂರನೆಯ ತಿಂಗಳು. ಆಮೇಲೆ ಡಾಕ್ಟರ ಹತ್ತಿರ ಒಯ್ಯುತ್ತಾರೆ. ಆಮೇಲೆ ಗಡಹಿಂಗ್ಲಜಕ್ಕೆ ತಂದು ಬಿಡುತ್ತಾರೆ. ನಾನು ಲೆಕ್ಕದಲ್ಲಿ ಜಾಣೆಯಲ್ಲವೇ, ಈ ಲೆಕ್ಕವನ್ನು ಎಷ್ಟು ಸಲ ಮಾಡಿದರೂ ಉತ್ತರ ಅದೇ ಬರುತ್ತಿತ್ತು.

ಮುಹೂರ್ತ ನಿಶ್ಚಯಿಸಲು ಹುಡುಗನ ತಾಯಿ ಮತ್ತೆ ಬಂದಳು. ನಮ್ಮ ಕಡೆ ಮುಹೂರ್ತ ಹಿಡಿಯುವ ಮೊದಲು ಹುಡುಗಿಯ ದಿನ ಕೇಳುತ್ತಾರೆ. ಅಕ್ಷತೆಯ ದಿನ ಅವಳು ಹೊರಗೆ ಕೂಡುವ ಹಾಗಾಗಬಾರದಲ್ಲ. ಅಡಿಗೆಮನೆಯಲ್ಲಿ ಅವಳೂ ಅವ್ವನೂ ಕೂತಿದ್ದರು, ನಾನು ಚಹಾ ಸೋಸುತ್ತಿದ್ದೆ.

"ಹುಡುಗಿ ತಾರೀಖ ಯಾವಾಗ್ರಿ? ಅಯ್ಯನವರಿಗೆ ಹೇಳಬೇಕಲ್ಲ."

ಈ ಸಲ ಕೇಳಿದ್ದು ಕನ್ನಡದಲ್ಲೇ, ತಪ್ಪು ತಿಳಿಯುವ ಮಾತೇ ಇರಲಿಲ್ಲ. ಅವ್ವ ಒಂದು ಉಸಿರೂ ತಡೆಯದೆ ಹೇಳಿದಳು.

"ಅಮಾಸಿ ಆಗಿ ನಾಕ ದಿನಕ್ಕರಿ. ಒಂದ ದಿನಾ ಹಿಂದ ಮುಂದ ಆಗಂಗಿಲ್ಲ."

ಅದು ಗಂಗೂನ ದಿನ. ಅವತ್ತು ನಾನು ಅರ್ಥ ಬಿಡಿಸಿ ಹೇಳಿದಾಗಲೂ ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸದಿದ್ದದ್ದು ನೆನಪಾಯಿತು. ಅವ್ವನಿಗೆ ಶಹಾಣೀ ಎಂಬ ಮಾತಿನ ಅರ್ಥ ಮೊದಲ ದಿನವೇ ಗೊತ್ತಿತ್ತು ಎಂದು ನನಗೆ ಹೊಳೆದದ್ದು ಆಗ. ಕೇಳಿಸದವಳಂತೆ ನಟಿಸಿ, ಸುಳ್ಳು ಹೇಳದೆಯೇ ಸುಳ್ಳು ಹೇಳಿದ್ದಳು. ಮಾನ ಉಳಿಸಲು ಹೋದ ನಾನೇ ದಡ್ಡಿ. ನನ್ನ ಮೈಗೆ ಕಾಯುವಷ್ಟು ತಾಳ್ಮೆ ನನ್ನ ತಾಯಿಗೆ ಇರಲಿಲ್ಲ, ತಂಗಿಯ ಮೈಯನ್ನು ನನ್ನದೆಂದು ತೋರಿಸಿ ನನ್ನನ್ನು ದಾಟಿಸುತ್ತಿದ್ದಳು. ಚಹಾದ ಪಾತ್ರೆ ಕೆಳಗಿಟ್ಟೆ. ಯಾವ ಅನುಮಾನಕ್ಕೂ ಜಾಗವಿಲ್ಲದಂತೆ ಮರಾಠಿಯಲ್ಲೇ ಹೇಳಿದೆ.

"ತೀ ಮಾಝ್ಯಾ ಬಹಿಣೀಚೀ ತಾರೀಖ ಆಹೇ. ಮೀ ಅಜೂನ ಶಹಾಣೀ ಝಾಲೇ ನಾಹೀ."

ಅದು ನನ್ನ ತಂಗಿಯ ತಾರೀಖು, ನಾನಿನ್ನೂ ದೊಡ್ಡವಳಾಗಿಲ್ಲ. ಒಂದು ವರ್ಷ ಕಾಯಿರಿ ಎಂದು ಕೇಳಬೇಕೆಂದಿದ್ದೆ, ಅಷ್ಟು ಹೊತ್ತು ನನಗೆ ಸಿಗಲಿಲ್ಲ. ಅವ್ವ ಎದ್ದು ನಿಂತಳು. ಕೊರಳಿನ ಕರಡಿಗೆಯನ್ನು, ಒಳಗೆ ಲಿಂಗವಿರುವ ಕರಡಿಗೆಯನ್ನು, ಮುಷ್ಟಿಯಲ್ಲಿ ಹಿಡಿದಳು.

"ಸುಳ್ಳ ಹೇಳಾಕತ್ತಾಳ್ರಿ. ಕೊಲ್ಹಾಪುರಕ್ಕ ಹೋಗಿ ಕಾಲೇಜ ಕಲೀಬೇಕಂತ ಹಟಾ ಅದ ಈಕಿದು, ಅದಕ್ಕ ಲಗ್ನಾ ಮುರ್ಯಾಕ ಹಿಂಗ ಮಾಡಾಕತ್ತಾಳ. ಲಿಂಗಪ್ಪನ ಆಣಿ ಮಾಡಿ ಹೇಳತೇನಿ, ಈಕಿಗೆ ಹದಿನೈದಕ್ಕ ಬಂದದ. ಮೂರ ವರ್ಷ ಆತು."

ಹುಡುಗನ ತಾಯಿ ನಮ್ಮಿಬ್ಬರ ಮುಖವನ್ನೂ ನೋಡಿದಳು. ಕೆಟ್ಟ ಹೆಂಗಸಲ್ಲ ಅವಳು. ದನಿ ಏರಿಸಲಿಲ್ಲ.

"ಇಬ್ಬರಾಗ ಒಬ್ಬರು ಸುಳ್ಳ ಹೇಳಾಕತ್ತೀರಿ. ಯಾರು ಅಂತ ತಿಳಕೊಂಡ ನಾ ಏನ ಮಾಡ್ಲಿ? ಆಗದಾಕಿನೂ ಬ್ಯಾಡ, ಸುಳ್ಳ ಹೇಳಾಕಿನೂ ಬ್ಯಾಡ ನಮಗ."

ಚಹಾ ಕುಡಿಯದೇ ಹೋದಳು. ಮೂರನೆಯ ದಿನ ಗುಲಾಬಿ ಸೀರೆ ತಿರುಗಿ ಹೋಯಿತು. ಅಪ್ಪ ಅಂಗಡಿಯಿಂದ ಒಳಗೆ ಬಂದು, ಮದುವೆಯ ವಿಷಯದಲ್ಲಿ ನನ್ನ ಜೊತೆ ಮೊದಲ ಸಲ, ಕೊನೆಯ ಸಲವೂ, ಮಾತಾಡಿದ.

"ನೀ ಹೇಳಿದ್ದ ಖರೇನ?"

ಖರೇ, ಎಂದೆ. ಅವನಿಗೆ ಗೊತ್ತಿಲ್ಲದ್ದೇನಲ್ಲ, ಡಾಕ್ಟರ ಬಾಗಿಲಲ್ಲಿ ಕೂತಿದ್ದವನೇ. ಅವ್ವನ ಕಡೆ ಒಮ್ಮೆ ನೋಡಿ, ಟೊಪ್ಪಿಗೆ ಸರಿಮಾಡಿಕೊಂಡು ಮತ್ತೆ ಅಂಗಡಿಗೆ ಹೋದ. ಓಣಿಗೆ ಅವ್ವನೇ ಸುದ್ದಿ ಹಬ್ಬಿಸಿದಳು: ಹುಡುಗಿಯದು ಎಂದೋ ಆಗಿತ್ತು, ತಾವೇ ಹೊರಗೆ ಹೇಳಿರಲಿಲ್ಲ, ಈಗ ಅವಳಿಗೆ ಕಲಿಯುವ ಹುಚ್ಚು, ಅದಕ್ಕೇ ಸುಳ್ಳು ಹೇಳಿ ಲಗ್ನ ಮುರಿದುಕೊಂಡಳು. ತೊಟ್ಟು ಬಿಡಿಸಲು ಬಂದ ಹೆಂಗಸರು ಈಗ ನನ್ನ ಮೈ ನೋಡುವುದನ್ನು ಬಿಟ್ಟು ಮುಖ ನೋಡತೊಡಗಿದರು. ಅದೊಂದು ಸುಧಾರಣೆ ಎನ್ನಬೇಕು.

ಅದಾಗಿ ಎರಡು ತಿಂಗಳು ಕಳೆದಿತ್ತು. ಮಧ್ಯಾಹ್ನ, ಅವ್ವ ಕಿರಾಣಿ ಅಂಗಡಿಗೆ ಹೋಗಿದ್ದಳು. ಹೊಟ್ಟೆಯ ಕೆಳಗೆ ಬೆಳಗಿನಿಂದ ಜಗ್ಗುತ್ತಿತ್ತು. ಬಚ್ಚಲಿಗೆ ಹೋದಾಗ ನೋಡಿದೆ. ಎಷ್ಟೋ ವರ್ಷ ಕಾದದ್ದು ಬಂದಾಗ ಹೇಗಿರುತ್ತದೆ ಎಂದು ಬೇಕಾದಷ್ಟು ಊಹಿಸಿದ್ದೆ. ಬಂದಾಗ ನನಗೆ ನಗು ಬಂತು, ಆಮೇಲೆ ಅಳು, ಬಚ್ಚಲ ಗೋಡೆಗೆ ಹಣೆ ಹಚ್ಚಿ ಎರಡನ್ನೂ ಮುಗಿಸಿ ಹೋಗಿ ಆಯಿಗೆ ಹೇಳಿದೆ. ಆಯಿ ನನ್ನ ಗಲ್ಲ ಎರಡೂ ಕೈಯಲ್ಲಿ ಹಿಡಿದು ಅತ್ತಳು. ನನ್ನನ್ನು ನಗೆಪಾಟಲು ಮಾಡಿದ್ದೂ ಅವಳೇ, ಅವತ್ತು ನನಗಾಗಿ ಖುಷಿಪಟ್ಟ ಒಬ್ಬಳೇ ಒಬ್ಬಳೂ ಅವಳೇ. ಕಾಲೆಳೆಯುತ್ತ ಹೋಗಿ ಟ್ರಂಕು ತೆರೆದು ಹಸಿರು ಸೀರೆ ಎರಡನ್ನೂ ಹೊರಗೆ ತೆಗೆದಳು. ಗಂಗೂ ಮಣೆ ತಂದಿಟ್ಟು, ರಂಗೋಲಿ ಡಬ್ಬಿ ಹುಡುಕುತ್ತಿದ್ದಳು. ಅಷ್ಟರಲ್ಲಿ ಅವ್ವ ಬಂದಳು. ನಿಂತು ಎಲ್ಲವನ್ನೂ ನೋಡಿದಳು. ಚೀಲ ಕೆಳಗಿಟ್ಟು, ಮೊದಲು ಹೋಗಿ ಬೀದಿಯ ಕಡೆಯ ಬಾಗಿಲು ಮುಂದೆ ಮಾಡಿಕೊಂಡು ಬಂದಳು.

"ಆರತಿ ಗೀರತಿ ಏನೂ ಬ್ಯಾಡ್ರಿ ಅತ್ತಿ. ಮೂರ ವರ್ಷದ ಹಿಂದ ಬಂದದಂತ ಲಿಂಗಾ ಹಿಡದ ಹೇಳೇನಿ. ಇವತ್ತ ಆರತಿ ಮಾಡಿದ್ರ ಓಣ್ಯಾಗ ನನ್ನ ಮಾರಿ ಏನಾಗಬೇಕು?"

ಗಂಗೂ ರಂಗೋಲಿ ಡಬ್ಬಿ ಹಿಡಿದುಕೊಂಡೇ ಕೇಳಿದಳು.

"ಹಂಗಾರ ನಂದೂ ಆಗಂಗಿಲ್ಲೇನ?"

ಅವ್ವ ಸೀರೆ ಮಡಚಿ ಟ್ರಂಕಿಗೆ ಹಾಕಿದಳು. ನನ್ನನ್ನು ಚಾಪೆಗೂ ಕಳಿಸಲಿಲ್ಲ. ಕಳಿಸಿದರೆ ಇಷ್ಟು ದಿನ ಯಾಕೆ ಕೂಡಿರಲಿಲ್ಲ ಎಂದು ಯಾರಾದರೂ ಕೇಳಬಹುದಿತ್ತಲ್ಲ. ಮೆಣಸಿನಕಾಯಿಯ ಬುಟ್ಟಿ ನನ್ನ ಮುಂದೆ ಸರಿಸಿದಳು. ನಾನು ಹೊಟ್ಟೆ ಹಿಡಿದುಕೊಂಡು ತೊಟ್ಟು ಬಿಡಿಸಿದೆ.

ಅವಳಿಗೆ ಕಾರಣಗಳಿದ್ದವು, ನನಗೆ ಗೊತ್ತು. ಹದಿನಾರರವರೆಗೆ ತಾನೂ ಅದೇ ಮಾತುಗಳನ್ನು ಕೇಳಿಸಿಕೊಂಡಿದ್ದಳು, ಮಗಳನ್ನು ಅದರಿಂದ ಬೇಗ ದಾಟಿಸಬೇಕೆಂದಿದ್ದಳು. ಇದನ್ನೆಲ್ಲ ನಾನು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಹೇಳಿಕೊಂಡರೂ ಕ್ಷಮಿಸಲು ಆಗಿಲ್ಲ. ನನ್ನನ್ನು ಸುಳ್ಳುಗಾತಿ ಮಾಡಲು ಅವ್ವ ಹೊರಿಸಿದ ಕಲಿಯುವ ಹಟವನ್ನೇ ಮುಂದೆ ಖರೆ ಮಾಡಿದೆ. ಲಗ್ನದ ಆಸೆ ಬಿಟ್ಟ ಅಪ್ಪ ಕೊಲ್ಹಾಪುರಕ್ಕೆ ಕಳಿಸಿದ. ಕಲಿತೆ, ಶಾಳೆಯಲ್ಲಿ ನೌಕರಿ ಹಿಡಿದೆ, ನನ್ನ ಜೊತೆಗೇ ಕಲಿಸುವವರೊಬ್ಬರನ್ನು ತಡವಾಗಿ ಮದುವೆಯಾದೆ. ಮೊದಲ ಹೆರಿಗೆಗೆ ಕೊಲ್ಹಾಪುರದ ಆಸ್ಪತ್ರೆಗೆ ಸೇರಿದಾಗ ಅವ್ವ ಬಂದಳು. ಎರಡು ದಿನ ನನ್ನ ಕಾಲು ಒತ್ತಿದಳು, ಬೆವರು ಒರೆಸಿದಳು, ಒಂದು ತುತ್ತೂ ಉಣ್ಣಲಿಲ್ಲ. ನೋವು ಬಂದಾಗಲೆಲ್ಲ ನಾನು ಅವಳ ಕೈಯನ್ನೇ ಹಿಡಿಯುತ್ತಿದ್ದೆ. ಬೆಳಗಿನ ಪಾಳಿಯ ನರ್ಸು ಬಂದು, ಕಾಗದ ತುಂಬಿಸುತ್ತ ಒಂದೊಂದೇ ಪ್ರಶ್ನೆ ಕೇಳಿದಳು. ವಯಸ್ಸು, ತೂಕ, ಮೊದಲಿನ ಕಾಯಿಲೆ. ಆಮೇಲೆ, ಮೊದಲ ಸಲ ಹೊರಗಾದದ್ದು ಎಷ್ಟನೆಯ ವರ್ಷಕ್ಕೆ ಎಂದಳು. ನನಗೆ ನೋವು ಬಂದಿತ್ತು, ಉಸಿರು ಬಿಗಿಹಿಡಿದಿದ್ದೆ. ಕೋಣೆಯಲ್ಲಿ ನಮ್ಮ ಮೂವರನ್ನು ಬಿಟ್ಟು ಯಾರೂ ಇರಲಿಲ್ಲ, ಓಣಿ ಇರಲಿಲ್ಲ, ಬೀಗರಿರಲಿಲ್ಲ. ಅವ್ವ ನನ್ನ ಹಣೆ ಒರೆಸುತ್ತ ಅಚ್ಚ ಮರಾಠಿಯಲ್ಲಿ ಹೇಳಿದಳು.

"ಪಂಧರಾವ್ಯಾ ವರ್ಷೀ."

ಹದಿನೈದನೆಯ ವರ್ಷಕ್ಕೆ. ನಾನು ಅವಳ ಕೈ ಬಿಟ್ಟು ಮಂಚದ ಕಬ್ಬಿಣದ ಸರಳು ಹಿಡಿದೆ. ನರ್ಸು ಹದಿನೈದು ಎಂದು ಬರೆದುಕೊಂಡು ಮುಂದಿನ ಪ್ರಶ್ನೆ ಕೇಳಿದಳು.